ಜಾಗವೂ ಇಲ್ಲ, ಮನೆಯೂ ಇಲ್ಲ: ಯಾವ ಬಾಗಿಲು ಮೊದಲು ತಟ್ಟಲಿ? ಅನುಭವ ಇದ್ದವರು ಹೇಳಿ

ಕೇಳುತ್ತಿರುವವರು: ಹೊಸನಗರ ಕಡೆಯ ಟೀಚರ್

ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಹತ್ತು ದಿನದಿಂದ ಒಂದೇ ಯೂನಿಫಾರ್ಮ್ ಹಾಕಿಕೊಂಡು ಬರುತ್ತಿದ್ದಳು, ಅದೂ ಆರಿರುತ್ತಿರಲಿಲ್ಲ. ವಿಚಾರಿಸಿದರೆ ಮನೆಯೇ ಇಲ್ಲ. ಅಪ್ಪ ಒಂದು ಅಡಿಕೆ ತೋಟದಲ್ಲಿ ಕೆಲಸಕ್ಕಿದ್ದರು, ತೋಟದ ಬಿಡಾರದಲ್ಲೇ ಸಂಸಾರ. ಕಳೆದ ವರ್ಷ ತೀರಿಕೊಂಡರು. ಇನ್ನೇನು ಕೊನೆಕೊಯ್ಲು ಶುರುವಾಗುತ್ತದೆ, ಹೊಸ ಆಳಿಗೆ ಬಿಡಾರ ಬೇಕು ಅಂತ ಯಜಮಾನರು ಬಿಡಿಸಿದ್ದಾರೆ. ಈಗ ಅಮ್ಮ, ಈ ಹುಡುಗಿ, ಪಿಯುಸಿ ಅರ್ಧಕ್ಕೆ ಬಿಟ್ಟ ಹತ್ತೊಂಬತ್ತರ ಅಣ್ಣ, ಮೂವರೂ ಯಾರದೋ ಅಡಿಕೆ ಸುಲಿಯುವ ಚಪ್ಪರದಲ್ಲಿದ್ದಾರೆ.

ನಾನೇ ಪಂಚಾಯ್ತಿಗೆ ಹೋಗಿ ವಸತಿರಹಿತರ ಪಟ್ಟಿಗೆ ಸೇರಿಸಿ ಅಂತ ಅರ್ಜಿ ಕೊಟ್ಟೆ. ಜಾಗದ ದಾಖಲೆ ಎಲ್ಲಿ ಅಂತ ವಾಪಸ್ ಕೊಟ್ಟರು. ಮೇಲಾಗಿ ಆ ಅಮ್ಮನ ರೇಷನ್ ಕಾರ್ಡ್ ಭದ್ರಾವತಿ ತಾಲ್ಲೂಕಿನ ಗಂಡನ ಊರಿನದು, ಹಾಗಾಗಿ ನೀವು ನಮ್ಮ ಪಂಚಾಯ್ತಿಯವರೇ ಅಲ್ಲ ಅಂದರು. ಜಾತಿ ಹಿಂದುಳಿದ ವರ್ಗ. ಸರ್ಕಾರದ ಯೋಜನೆ ಬೇಕಾದಷ್ಟಿವೆ ಅಂತ ಪೇಪರಲ್ಲಿ ಓದುತ್ತೇನೆ, ಎಲ್ಲಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ.

ಅಂಗನವಾಡಿ ಕಾರ್ಯಕರ್ತೆ, ರಿಪ್ಪನ್‌ಪೇಟೆ ಕಡೆ

ಯೋಜನೆ ಆಮೇಲೆ ಟೀಚರ್. ಚಪ್ಪರಕ್ಕೆ ಬಾಗಿಲಿದೆಯಾ? ಹುಡುಗಿ ಸ್ನಾನಕ್ಕೆ, ಶೌಚಕ್ಕೆ ಎಲ್ಲಿ ಹೋಗುತ್ತಾಳೆ? ಮೊದಲು ಅದನ್ನು ನೋಡಿ.

ಟೀಚರ್

ಬಾಗಿಲಿಲ್ಲ, ತಡಿಕೆ ಇದೆ. ಅಡಿಕೆ ಬೇಯಿಸಲು ಶುರು ಮಾಡಿದರೆ ಅಲ್ಲಿಂದಲೂ ಏಳಬೇಕು. ಹುಡುಗಿ ರಾತ್ರಿ ನಮ್ಮ ಅಡುಗೆಯ ಅಕ್ಕನ ಮನೆಯಲ್ಲಿ ಮಲಗುವ ಹಾಗೆ ನಿನ್ನೆಯಿಂದ ವ್ಯವಸ್ಥೆ ಮಾಡಿದ್ದೇವೆ.

ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ, ತೀರ್ಥಹಳ್ಳಿ

ಟೀಚರಮ್ಮ, ನಿಮ್ಮ ಅರ್ಜಿ ವಾಪಸ್ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ, ನೀವು ಹಾಕಿದ್ದು ಬೇರೆ ಪಟ್ಟಿಗೆ. ಕೇಳಿದರೆ ನಗು ಬರಬಹುದು, ಆದರೆ ಕಚೇರಿಯ ಭಾಷೆಯಲ್ಲಿ ‘ವಸತಿರಹಿತ’ ಅಂದರೆ ಜಾಗ ಇದ್ದು ಅದರ ಮೇಲೆ ಮನೆ ಇಲ್ಲದವನು. ಜಾಗವೇ ಇಲ್ಲದವನು ‘ನಿವೇಶನರಹಿತ’. ಎರಡಕ್ಕೂ ಪಟ್ಟಿ ಬೇರೆ, ಸಮೀಕ್ಷೆಯ ನಮೂನೆಯೂ ಬೇರೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಈ ಒಂದು ಪದದಿಂದ ಹಿಂದೆ ಹೋದವರು ನೂರಾರು ಜನ. ತೀರಾ ಬಡವನೇ ತಪ್ಪು ಸಾಲಿನಲ್ಲಿ ನಿಂತಿರುತ್ತಾನೆ, ಯಾರೂ ಹೇಳುವುದಿಲ್ಲ.

ಹಾಗಾಗಿ ಹೊಸ ಅರ್ಜಿ ಬರೆಯಿರಿ: ನಿವೇಶನರಹಿತರು, ನಿವೇಶನ ಮಂಜೂರು ಮಾಡಿ ನಂತರ ಮನೆ ಕೊಡಿ ಅಂತ. ಅಮ್ಮನ ಹೆಸರಲ್ಲೇ ಬರೆಯಿರಿ, ನಮ್ಮ ರಾಜ್ಯದ ಮನೆಗಳು ಸಾಮಾನ್ಯವಾಗಿ ಹೆಂಗಸರ ಹೆಸರಿಗೇ ಮಂಜೂರಾಗುತ್ತವೆ. ಸ್ವೀಕೃತಿ ತಗೊಳ್ಳದೆ ಬರಬೇಡಿ. ಆಗಲ್ಲ ಅಂತ ಬಾಯಲ್ಲಿ ಹೇಳಿದರೆ “ಸರಿ ಸ್ವಾಮಿ, ಹಿಂಬರಹ ಕೊಡಿ” ಅನ್ನಿ, ಅಂದರೆ ಯಾಕೆ ಆಗಲ್ಲ ಅಂತ ಬರವಣಿಗೆಯಲ್ಲಿ ಕೊಡಿ ಅಂತ. ಹಿಂಬರಹ ಅಂದ ಕೂಡಲೇ ಅರ್ಧದಷ್ಟು ‘ಆಗಲ್ಲ’ಗಳು ‘ನೋಡೋಣ’ ಆಗುತ್ತವೆ, ನಾನೇ ಆ ಕುರ್ಚಿಯಲ್ಲಿ ಕೂತಿದ್ದವನು.

ಇನ್ನು ಯೋಜನೆಗಳು. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್, ಉಳಿದವರಿಗೆ ಬಸವ ವಸತಿ. ವಿಧವೆಯರು, ಅಂಗವಿಕಲರು, ಅಲೆಮಾರಿಗಳು ಇಂಥ ವಿಶೇಷ ವರ್ಗಕ್ಕೆ ದೇವರಾಜ ಅರಸು ವಸತಿ ಯೋಜನೆ ಇದೆ, ನಿಮ್ಮ ಈ ತಾಯಿಗೆ ಅದೇ ಹತ್ತಿರದ್ದು. ಮೂರನ್ನೂ ನಡೆಸುವುದು 2000ದಲ್ಲಿ ಆದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಜನ ಮಾತ್ರ ಇವತ್ತಿಗೂ ಎಲ್ಲದಕ್ಕೂ ‘ಆಶ್ರಯ ಮನೆ’ ಅಂತಲೇ ಕರೆಯುವುದು, ನಮ್ಮ ಅಮ್ಮನ ಕಾಲದವರು ಇನ್ನೂ ‘ಜನತಾ ಮನೆ’ ಅನ್ನುತ್ತಾರೆ.

ಕೇಂದ್ರದ್ದು ಪ್ರಧಾನಮಂತ್ರಿ ಆವಾಸ್, ಗ್ರಾಮೀಣ. 2016ರಲ್ಲಿ ಶುರುವಾಗಿದ್ದು; ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30. ನಮ್ಮದು ಇಷ್ಟು ಗುಡ್ಡ ಇದ್ದರೂ ಗುಡ್ಡಗಾಡು ರಾಜ್ಯ ಅಲ್ಲ, ಅದು ಬೇರೆ ಕಥೆ. ಇದರಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ: ಸೂರೇ ಇಲ್ಲದ ಕುಟುಂಬ ತಾನಾಗಿ ಸೇರ್ಪಡೆ ಆಗಬೇಕಾದ ವರ್ಗ, ಜಾಗ ಇಲ್ಲದ ಫಲಾನುಭವಿಗೆ ರಾಜ್ಯವೇ ಆದ್ಯತೆಯ ಮೇಲೆ ಜಾಗ ಒದಗಿಸಬೇಕು, ಎರಡೂ ಮಾರ್ಗಸೂಚಿಯಲ್ಲೇ ಇವೆ. ಗ್ರಾಮಸಭೆಯಲ್ಲಿ ಇದನ್ನು ಎದ್ದು ನಿಂತು ಹೇಳಿ, ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಬರೆಸಿ. ನೀವಲ್ಲ, ಆ ತಾಯಿ ಹೇಳಬೇಕು.

ಸಾಗರದವಳು, ಬಸವ ವಸತಿಯಲ್ಲಿ ಮನೆ ಕಟ್ಟಿದವಳು

ಕಾರ್ಯದರ್ಶಿಗಳು ಹೇಳಿದ್ದೆಲ್ಲ ಸರಿ, ಆದರೆ ಮಂಜೂರಾದ ಮೇಲೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಅಲ್ಲೇ ಹೆಚ್ಚು ಜನ ಮುಳುಗುವುದು.

ನಮಗೆ ಮನೆ ಬಂದಿದ್ದು 2021ರಲ್ಲಿ. ಒಟ್ಟು 1.20 ಲಕ್ಷ. ಕೈಗೆ ಒಟ್ಟಿಗೆ ಕೊಡುವುದಿಲ್ಲ. ತಳಪಾಯ, ಗೋಡೆ, ಚಾವಣಿ, ಕೊನೆಗೆ ಪೂರ್ಣ, ಹೀಗೆ ನಾಲ್ಕು ಕಂತು. ಪ್ರತಿ ಹಂತಕ್ಕೂ ಪಂಚಾಯ್ತಿಯವರು ಬಂದು ಮನೆ ಮುಂದೆ ನಮ್ಮನ್ನು ನಿಲ್ಲಿಸಿ ಜಿಪಿಎಸ್ ಫೋಟೋ ಹೊಡೆಯಬೇಕು, ಆಮೇಲೆ ಬಿಲ್ ಆಗುವುದು. ಅಂದರೆ ತಳಪಾಯದ ದುಡ್ಡು ಬರುವುದು ತಳಪಾಯ ಹಾಕಿದ ಮೇಲೆ! ಮೊದಲ ಕಲ್ಲಿಗೆ ದುಡ್ಡು ನಮ್ಮದೇ. ನಾನು ಸಂಘದಲ್ಲಿ ಸಾಲ ಎತ್ತಿದೆ.

ಅದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದ್ದು ಕಾಲದ ಲೆಕ್ಕದಲ್ಲಿ. ಏಪ್ರಿಲ್ ಕೊನೆಗೆ ಪಾಯ ತೆಗೆದೆವು. ಜೂನ್ ಹೊತ್ತಿಗೆ ಜಂಬಿಟ್ಟಿಗೆ ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು, ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಗೊತ್ತಲ್ಲ. ಲಾರಿ ಬರಲ್ಲ, ಮರಳಿಲ್ಲ, ಗಾರೆಯವರು ಗದ್ದೆ ನಾಟಿಗೆ ಹೋದರು. ಅಕ್ಟೋಬರ್ ತನಕ ಗೋಡೆ ಮೇಲೆ ಪ್ಲಾಸ್ಟಿಕ್ ಹೊದೆಸಿ ಕೂತೆವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಮಲೆನಾಡಲ್ಲಿ ಮನೆ ಕಟ್ಟುವವರು ದೀಪಾವಳಿ ಮುಗಿದ ಕೂಡಲೇ ಪಾಯ ತೆಗೆದು, ಯುಗಾದಿಗೆ ಚಾವಣಿ ಮುಗಿಸಬೇಕು. ಮಂಜೂರಾತಿ ಪತ್ರ ಯಾವ ತಿಂಗಳು ಬಂದರೂ ಸರಿ.

ನರೇಗಾದಲ್ಲಿ ನಮ್ಮ ಮನೆಗೆ ನಾವೇ ಮಾಡಿದ ಕೆಲಸಕ್ಕೆ 90 ದಿನದ ಕೂಲಿ ಸಿಕ್ಕಿತು, ಆಗ ದಿನಕ್ಕೆ 289 ರೂಪಾಯಿ. ಕೂಡಿದರೆ 26 ಸಾವಿರ ಆಯ್ತು, ಸಣ್ಣದಲ್ಲ. ಶೌಚಾಲಯಕ್ಕೆ 12 ಸಾವಿರ ಬೇರೆ. ಇವೆರಡೂ ಕೇಳದೆ ಬಂದಿದ್ದಲ್ಲ, ಕೇಳಿದ್ದಕ್ಕೆ ಬಂದಿದ್ದು. ಎಲ್ಲ ಸೇರಿದರೂ ನಮ್ಮ ಮನೆಗೆ ಹತ್ತಿರ ಹತ್ತಿರ ನಾಲ್ಕು ಲಕ್ಷ ಹೋಯಿತು. ಕೈಯಲ್ಲಿ ಎಂತದ್ದೂ ಇಲ್ಲದ ಆ ಅಮ್ಮ ಹ್ಯಾಗೆ ಕಟ್ಟುತ್ತಾರೆ ಅಂತ ನನಗಂತೂ ಗೊತ್ತಾಗಲ್ಲ. ಮನೆ ಮಂಜೂರಾಗಿ ಗೋಡೆಗೇ ನಿಂತವರು ನಮ್ಮ ಕೇರಿಯಲ್ಲೇ ಇಬ್ಬರಿದ್ದಾರೆ.

ಶರಾವತಿ ಹಿನ್ನೀರಿನವನು

ನಮ್ಮಜ್ಜನ ಮನೆ, ತೋಟ ಎಲ್ಲ ಲಿಂಗನಮಕ್ಕಿ ನೀರಿನಡಿ. 1964ರಲ್ಲಿ ಅಣೆಕಟ್ಟು ಎದ್ದಿತು. ನಾಡಿಗೆಲ್ಲ ಕರೆಂಟು ಕೊಟ್ಟವರ ಮೊಮ್ಮಗ ನಾನು, ನನ್ನ ಮನೆಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಮನೆ ಇದೆ, ಹಾಗಾಗಿ ವಸತಿರಹಿತ ಅಲ್ಲ. ಕಾಗದ ಇಲ್ಲ, ಹಾಗಾಗಿ ಮನೆ ಬಿದ್ದರೆ ಕಟ್ಟಲು ಸಹಾಯವೂ ಇಲ್ಲ. ಟೀಚರ್ ಕೇಳಿದ್ದಕ್ಕೆ ಇದು ಉತ್ತರ ಅಲ್ಲ, ಪದದ ಮಾತು ಬಂತಲ್ಲ ಅಂತ ಹೇಳಿದೆ.

ಹೆಸರು ಬೇಡ

ಇಷ್ಟೆಲ್ಲ ಯಾಕೆ ಮಾರಾಯ್ರೇ? ಗೋಮಾಳದ ಬದಿಯಲ್ಲೋ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಲ್ಲೋ ನಾಲ್ಕು ಕಂಬ ನೆಟ್ಟು ತಗಡು ಹೊದೆಸಿ. ಮಲೆನಾಡಲ್ಲಿ ಎಲ್ಲರೂ ಮಾಡಿದ್ದೇ ಅದು. ಆಮೇಲೆ ಸರ್ಕಾರಿ ಜಾಗದ ಮನೆ ಸಕ್ರಮ ಮಾಡಿ ಅಂತ 94ಸಿ ಅರ್ಜಿ ಹಾಕಿದರಾಯ್ತು.

ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ, ತೀರ್ಥಹಳ್ಳಿ

ದಯವಿಟ್ಟು ಈ ಸಲಹೆ ಕೊಡಬೇಡಿ. 94ಸಿ ಇರುವುದು ಹಿಂದೆ ಕಟ್ಟಿಕೊಂಡು ವಾಸ ಇದ್ದವರಿಗೆ, ಇವತ್ತು ಕಂಬ ನೆಟ್ಟವರಿಗಲ್ಲ. ಅರಣ್ಯ ಹಕ್ಕು ಕಾಯ್ದೆ ಕೂಡ 2005ರ ಡಿಸೆಂಬರ್ 13ಕ್ಕೂ ಮುಂಚಿನಿಂದ ಇದ್ದವರಿಗೆ, ಅದರಲ್ಲೂ ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ದೊಡ್ಡ ತೋಟದವರ ಒತ್ತುವರಿಯನ್ನು ಮುಟ್ಟಲು ವರ್ಷಗಟ್ಟಲೆ ಬೇಕು, ವಿಧವೆಯ ತಗಡಿನ ಶೆಡ್ ಕೀಳಲು ಅರ್ಧ ದಿನ ಸಾಕು. ಮೇಲೆ ಕೇಸು ಬಿದ್ದರೆ ಆ ಹತ್ತೊಂಬತ್ತರ ಹುಡುಗನ ಹೆಸರೇ ಹೋಗುತ್ತದೆ.

ಶಿವಮೊಗ್ಗದ ಆಟೋ ಚಾಲಕ

ಪೇಟೆಯ ವಿಷಯ ನಾನು ಹೇಳುತ್ತೇನೆ. ಬಸ್‌ಸ್ಟ್ಯಾಂಡ್ ಹತ್ತಿರ ರಾತ್ರಿ ಓಡಿಸುವವನು. ಎರಡು ವರ್ಷದ ಹಿಂದೆ ಒಬ್ಬ ತಾಯಿ, ಜೊತೆಗೆ ಎರಡು ಮಕ್ಕಳು, ಹನ್ನೊಂದು ಗಂಟೆಗೆ ಪ್ಲಾಟ್‌ಫಾರ್ಮ್ ಮೇಲೆ. ವಸತಿರಹಿತರ ಆಶ್ರಯ ಕೇಂದ್ರ ಅಂತ ಇರುತ್ತದಲ್ಲ, ಅಲ್ಲಿಗೆ ಕರೆದುಕೊಂಡು ಹೋದೆ. ಗಂಡಸರಿಗೆ ಮಾತ್ರ ಅಂದರು. ದೊಡ್ಡ ಊರಿನಲ್ಲಿ ಲಕ್ಷ ಜನಕ್ಕೊಂದು ಇಂಥ ಕೇಂದ್ರ, ದಿನದ 24 ಗಂಟೆಯೂ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆಯಂತೆ, ಇದನ್ನು ಆಮೇಲೆ ಒಬ್ಬ ವಕೀಲರು ಬಾಡಿಗೆಗೆ ಬಂದಾಗ ಹೇಳಿದರು. ಆದರೆ ತಾಯಿ ಮಕ್ಕಳು ಒಟ್ಟಿಗೆ ಇರುವುದು ಎಲ್ಲಿ ಅಂತ ಕೇಳಿಯೇ ಹೋಗಿ.

ಆವತ್ತು ಕೆಲಸಕ್ಕೆ ಬಂದಿದ್ದು ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರದವರು ಒಳಗೆ ಕರೆದುಕೊಂಡರು. ಅಲ್ಲಿ ಐದು ದಿನದ ತನಕ ಇರಬಹುದು, ಅಷ್ಟರೊಳಗೆ ಬೇರೆ ದಾರಿ ನೋಡುತ್ತಾರೆ. ದೌರ್ಜನ್ಯ ಆದವರಿಗೆ ಅಂತಲೇ ಇರುವ ಜಾಗ ಅದು, ಹಾಗಾಗಿ ನಿಮ್ಮವರಿಗೆ ಕೊನೆಯ ದಾರಿ ಅಂತ ಇಟ್ಟುಕೊಳ್ಳಿ. ಹತ್ತೊಂಬತ್ತರ ಮಗನನ್ನಂತೂ ಜೊತೆಗೆ ಬಿಡುವುದಿಲ್ಲ.

ಗೋವಿಂದಾಪುರದ ಕಡೆ ಬಡವರಿಗೆ ಅಂತ ಮಹಡಿ ಮನೆಗಳು ಎದ್ದಿವೆ, ಅಲ್ಲಿಗೆ ಹಾಕಿ ಅಂತ ಯಾರಾದರೂ ಹೇಳಬಹುದು. ಅದು ನಗರದ ಯೋಜನೆ, ಫಲಾನುಭವಿಯೂ ಪಾಲು ಕಟ್ಟಬೇಕು. ಹೊಸನಗರದ ತೋಟದ ಕೆಲಸದವರಿಗೆ ಅಲ್ಲಿ ಮನೆ ಸಿಕ್ಕರೂ ಊಟಕ್ಕೆ ಎಲ್ಲಿ ಹೋಗಬೇಕು?

ಸಮಾಜಕಾರ್ಯ ಓದುತ್ತಿರುವವಳು, ಶಂಕರಘಟ್ಟ

ಒಂದು ಮಾತು ಸೇರಿಸಲೇ? ನಮ್ಮಲ್ಲಿ ಮನೆ ಇಲ್ಲದವರನ್ನು ಎಣಿಸಿದ್ದು 2011ರ ಫೆಬ್ರುವರಿ 28ರ ರಾತ್ರಿ. ದೇಶಕ್ಕೆಲ್ಲ ಸೇರಿ 17.7 ಲಕ್ಷ ಜನ ಸಿಕ್ಕರು. ರಸ್ತೆ ಬದಿ, ಪೈಪು, ಮೇಲ್ಸೇತುವೆ ಕೆಳಗೆ, ದೇವಸ್ಥಾನದ ಮಂಟಪ, ಇಂಥ ಕಡೆ ಮಲಗಿದವರ ಲೆಕ್ಕ ಅದು. ಮಲೆನಾಡಲ್ಲಿ ಬೀದಿಯಲ್ಲಿ ಮಲಗುವವರು ಯಾರು? ಆಷಾಢದ ಮಳೆಗೆ ಅದು ಆಗುವ ಮಾತಲ್ಲ. ಇಲ್ಲಿ ಮನೆ ಕಳೆದುಕೊಂಡವರು ಯಾರದೋ ಕೊಟ್ಟಿಗೆಯ ಅಟ್ಟದಲ್ಲಿ, ಚಪ್ಪರದಲ್ಲಿ, ತಂಗಿಯ ಗಂಡನ ಜಗಲಿಯಲ್ಲಿ ಇರುತ್ತಾರೆ. ಸೂರಿನ ಕೆಳಗೇ ಇದ್ದಾರಲ್ಲ ಅಂತ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಮೆರಿಕದಲ್ಲಿ 2010ರಲ್ಲಿ ಕುಟುಂಬಗಳ, ಮಕ್ಕಳ, ಯುವಜನರ ಮನೆಯಿಲ್ಲದ ಸ್ಥಿತಿಯನ್ನು ಹತ್ತು ವರ್ಷದಲ್ಲಿ ಮುಗಿಸುತ್ತೇವೆ ಅಂತ ಯೋಜನೆ ಮಾಡಿದ್ದರು. ಮುಗಿಯಲಿಲ್ಲ. ಆದರೆ ಅಲ್ಲಿ ಕುಟುಂಬವನ್ನು ಬೇಗ ಬಾಡಿಗೆ ಮನೆಗೆ ಸೇರಿಸಿ, ಕೆಲವು ತಿಂಗಳು ಬಾಡಿಗೆಗೆ ಸಹಾಯ ಮಾಡುವ ದಾರಿಯೊಂದಿದೆ. ನಮ್ಮ ಯೋಜನೆಗಳಲ್ಲಿ ಇಲ್ಲದಿರುವುದು ಅದೇ. ಜಾಗ ಕೊಡುತ್ತಾರೆ, ಮನೆಗೆ ದುಡ್ಡು ಕೊಡುತ್ತಾರೆ. ಅಲ್ಲಿಯತನಕ ಎಲ್ಲಿರಬೇಕು ಅನ್ನುವುದಕ್ಕೆ ಕಾಲಂ ಇಲ್ಲ.

ಅಂಗನವಾಡಿ ಕಾರ್ಯಕರ್ತೆ, ರಿಪ್ಪನ್‌ಪೇಟೆ ಕಡೆ

ಆ ಕಾಲಂ ನಾವೇ ತುಂಬಬೇಕು. ನಾನು ಎರಡು ಸಂಸಾರಕ್ಕೆ ಮಾಡಿದ ಲೆಕ್ಕ ಹೇಳುತ್ತೇನೆ. ಗೃಹಲಕ್ಷ್ಮಿ ತಿಂಗಳಿಗೆ 2,000. ವಿಧವಾ ವೇತನ 800. ಸಣ್ಣ ಊರಲ್ಲಿ ಒಂದು ಕೋಣೆ, ಅಡುಗೆ ಮೂಲೆ ಇರುವ ಬಾಡಿಗೆ ಮನೆ ಇಷ್ಟರಲ್ಲಿ ಹಿಡಿಯುತ್ತದೆ. ದುಡಿಯುವ ಗಂಡ ತೀರಿಕೊಂಡಿದ್ದರೆ, ಬಿಪಿಎಲ್ ಆಗಿದ್ದರೆ, ತೀರಿಕೊಂಡವರ ವಯಸ್ಸು ಅರವತ್ತರ ಒಳಗಿದ್ದರೆ, ರಾಷ್ಟ್ರೀಯ ಕುಟುಂಬ ನೆರವಿನಲ್ಲಿ ಒಂದೇ ಸಲ 20 ಸಾವಿರ ಬರುತ್ತದೆ. ಅದು ಅಡ್ವಾನ್ಸಿಗೆ ಆಯ್ತು. ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಮರಣ ಪ್ರಮಾಣಪತ್ರ ಬೇಕು. ವರ್ಷ ಕಳೆದಿದೆ ಅಂತೀರಿ, ನಾಳೆಯೇ ಹೋಗಿ. ಅವರಿಗೆ ಗೃಹಲಕ್ಷ್ಮಿ ಬರುತ್ತಿದೆಯಾ?

ಟೀಚರ್

ಇಲ್ಲ! ಈಗ ಕೇಳಿದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆ. ಹಣ ಭದ್ರಾವತಿಯಲ್ಲಿ ಅತ್ತೆಯ ಖಾತೆಗೆ ಹೋಗುತ್ತಿದೆ.

ಅಂಗನವಾಡಿ ಕಾರ್ಯಕರ್ತೆ, ರಿಪ್ಪನ್‌ಪೇಟೆ ಕಡೆ

ಅಲ್ಲೇ ಇರುವುದು ಗಂಟು. ಆ ಕಾರ್ಡಿನಿಂದ ಮೂವರ ಹೆಸರು ತೆಗೆಸಿ ಇಲ್ಲಿ ಬೇರೆ ಕಾರ್ಡ್ ಮಾಡಿಸಿದರೆ ಪಂಚಾಯ್ತಿಯ ‘ನಮ್ಮವರಲ್ಲ’ ಅನ್ನುವುದಕ್ಕೂ ಉತ್ತರ ಆಗುತ್ತದೆ. ಅತ್ತೆಯ ಹತ್ತಿರ ನೀವು ಹೋಗಬೇಡಿ, ಆ ಅಮ್ಮ ತಮ್ಮ ಕಡೆಯ ಹಿರಿಯರನ್ನು ಕರೆದುಕೊಂಡು ಹೋಗಲಿ. ಮತದಾರರ ಪಟ್ಟಿಗೂ ಇಲ್ಲೇ ಸೇರಿಸಿ. ಸ್ಥಿರ ವಿಳಾಸ ಇಲ್ಲದವರನ್ನೂ ಸೇರಿಸಬೇಕು, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೊತ್ತು ಬಂದು ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಿದರೆ ಸಾಕು. ನಾನೇ ಬಿಎಲ್‌ಒ ಆಗಿ ಟಾರ್ಚ್ ಹಿಡಿದು ಹೋಗಿದ್ದೇನೆ.

ಬಾಲಮಂದಿರದಲ್ಲಿ ಬೆಳೆದವನು

ಎಲ್ಲರೂ ಮನೆಯ ಬಗ್ಗೆ ಹೇಳಿದಿರಿ, ಮಕ್ಕಳಿಗೆ ಬಾಗಿಲು ಬೇರೆ ಇದೆ. ಹುಡುಗಿಯ ವಿಷಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು’ ಯಾರು ಅನ್ನುವ ಪಟ್ಟಿಯ ಮೊದಲ ಸಾಲೇ ಮನೆ, ನೆಲೆ ಇಲ್ಲದ ಮಗು.

ಆ ಅಮ್ಮನಿಗೆ ಭಯ ಆಗುತ್ತದೆ, ಮಗಳನ್ನು ಕಿತ್ತುಕೊಂಡು ಹೋಗುತ್ತಾರೆ ಅಂತ. ನನ್ನ ಅಮ್ಮನಿಗೂ ಆಗಿತ್ತು, ಹಾಗಾಗಿ ಎರಡು ವರ್ಷ ನನ್ನನ್ನು ಅಡಗಿಸಿಟ್ಟಿದ್ದಳು. ಅವರಿಗೆ ಹೀಗೆ ಹೇಳಿ: ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅಮ್ಮನ ಜೊತೆಗೇ ಇದ್ದು ಓದಲು ಪ್ರಾಯೋಜಕತ್ವ ಅಂತ ಇದೆ, ಮಿಷನ್ ವಾತ್ಸಲ್ಯದಲ್ಲಿ, ತಿಂಗಳಿಗೆ 4,000. ವಿಧವೆಯ ಮಕ್ಕಳಿಗೆ ಸಿಗುತ್ತದೆ, ಹಳ್ಳಿಯಲ್ಲಿ ವರ್ಷದ ಆದಾಯ 72 ಸಾವಿರದೊಳಗಿರಬೇಕು. ಮಕ್ಕಳ ಕಲ್ಯಾಣ ಸಮಿತಿಯ ಎದುರು ಹೋದಾಗ ಅಮ್ಮನೇ ಬಾಯಿಬಿಟ್ಟು “ಮಗಳು ನನ್ನ ಹತ್ತಿರ ಇರಲಿ, ಪ್ರಾಯೋಜಕತ್ವ ಕೊಡಿ” ಅನ್ನಬೇಕು. ಸುಮ್ಮನೆ ಅತ್ತರೆ, ಪಾಪ ಇವರಿಂದ ಆಗಲ್ಲ ಅಂತ ಬರೆದುಕೊಳ್ಳುವವರೂ ಇರುತ್ತಾರೆ.

ನನ್ನ ಕಥೆ ಚುಟುಕಾಗಿ. ಹದಿನೆಂಟು ತುಂಬಿದ ದಿನ ಒಂದು ಬ್ಯಾಗು, ಟಿಸಿ, ಮಾರ್ಕ್ಸ್ ಕಾರ್ಡ್ ಕೊಟ್ಟು ಬಸ್ ಹತ್ತಿಸಿದರು. ಯಾವ ಊರಿಗೆ ಟಿಕೆಟ್ ತಗೋಬೇಕು ಅಂತ ಕಂಡಕ್ಟರ್ ಕೇಳಿದಾಗಲೇ ನನಗೆ ಅದು ಹೊಳೆದಿದ್ದು. ಸಂಸ್ಥೆಯಿಂದ ಹೊರಬಂದವರಿಗೆ 21ರ ತನಕ, ಬೇಕಾದರೆ 23ರ ತನಕ, ಅನುಪಾಲನಾ ಸಹಾಯ ಇದೆ ಅಂತ ನನಗೆ ಗೊತ್ತಾದಾಗ ನನಗೆ 22. ಇದನ್ನು ಓದುವವರಲ್ಲಿ ಯಾರಾದರೂ ಹದಿನೇಳರ ಹುಡುಗರನ್ನು ಬಲ್ಲವರಿದ್ದರೆ, ಹೊರಡುವ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಿಸಿ.

ಆ ಅಣ್ಣನಿಗೆ ಇದು ಬರುವುದಿಲ್ಲ, ಅವನು ಸಂಸ್ಥೆಯಲ್ಲಿ ಇದ್ದವನಲ್ಲ. ಹದಿನೆಂಟು ದಾಟಿ, ಓದೂ ಬಿಟ್ಟ ಹುಡುಗನಿಗೆ ಮಲಗಲು ಜಾಗ ಕೊಡುವ ಕಾಲಂ ಎಲ್ಲೂ ಇಲ್ಲ, ಶಂಕರಘಟ್ಟದ ಅಕ್ಕ ಹೇಳಿದ ಹಾಗೆ. ನಾನು ಕಂಡುಕೊಂಡ ದಾರಿ ಎರಡು. ಮತ್ತೆ ಕಾಲೇಜಿಗೆ ಸೇರಿದರೆ ಮೆಟ್ರಿಕ್ ನಂತರದ ಹಾಸ್ಟೆಲ್. ಸೀಟು ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ಊಟ-ವಸತಿಗೆ ಹತ್ತು ತಿಂಗಳು ಸಹಾಯಧನ. ಓದು ಬೇಡ ಅಂದರೆ ಹೊಳಲೂರಿನ ಸ್ವ-ಉದ್ಯೋಗ ತರಬೇತಿ ಸಂಸ್ಥೆ: ಊಟ, ವಸತಿ, ಕಲಿಕೆ ಎಲ್ಲ ಪುಕ್ಕಟೆ. ಒಂದು ತಿಂಗಳೇ ಆಗಲಿ, ಒಣಗಿದ ಹಾಸಿಗೆ.

ಭದ್ರಾವತಿಯ ಪದವೀಧರ

ಯುವನಿಧಿ ಹಾಕಬಹುದಲ್ಲ?

ಬಾಲಮಂದಿರದಲ್ಲಿ ಬೆಳೆದವನು

ಅದು ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಸಾರ್. 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದಲ್ಲೇ ಶುರು ಮಾಡಿದಾಗ ನಾನೂ ಮೈದಾನದಲ್ಲಿದ್ದೆ, ಕುರ್ಚಿ ಹಾಕುವ ಕೂಲಿಗೆ.

ಟೀಚರ್ (ಎರಡು ತಿಂಗಳ ನಂತರ)

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು. ಅತ್ತೆ ಆ ಕಾರ್ಡಿನಿಂದ ಮೂವರ ಹೆಸರು ತೆಗೆಸಲು ಒಪ್ಪಿದರು, ಆದರೆ ಗೃಹಲಕ್ಷ್ಮಿ ಬಿಡಲು ಅಲ್ಲ. ಅವರೂ ವಿಧವೆ, ಅವರಿಗೂ ಅದೇ ಆಧಾರ. ಇಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಿದ್ದೇವೆ, ಬಂದಿಲ್ಲ. ವಿಧವಾ ವೇತನ ಮಂಜೂರಾಗಿದೆ. ಕುಟುಂಬ ನೆರವಿನ ಅರ್ಜಿ ತಡವಾಯ್ತು ಅಂತ ಪ್ರಶ್ನೆ ಎತ್ತಿದ್ದಾರೆ, ಹಿಂಬರಹ ಕೇಳಿದೆ, “ನೋಡೋಣ” ಅಂದಿದ್ದಾರೆ! ಶಾಲೆಯ ಹಳೆಯ ವಿದ್ಯಾರ್ಥಿಗಳು ನಾಲ್ಕು ತಿಂಗಳ ಬಾಡಿಗೆ ಕಟ್ಟಿ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಕೋಣೆ ಹಿಡಿದುಕೊಟ್ಟರು. ಮಾಲೀಕರು ಬಾಡಿಗೆ ಕರಾರು ಮಾತ್ರ ಬರೆದುಕೊಡುವುದಿಲ್ಲ ಅಂತಾರೆ, ಯಾಕೋ ಭಯ. ಹುಡುಗ ಹೊಳಲೂರಿಗೆ ಹೋಗಿದ್ದಾನೆ. ಪ್ರಾಯೋಜಕತ್ವಕ್ಕೆ ಮನೆ ತನಿಖೆ ಮುಗಿದಿದೆ.

ಮೊನ್ನೆ ಗ್ರಾಮಸಭೆ ಇತ್ತು. ಆ ಅಮ್ಮ ಎದ್ದು ನಿಂತು ನಿವೇಶನರಹಿತರು ಅಂತ ಸರಿಯಾದ ಪದವನ್ನೇ ಹೇಳಿದರು, ರಾತ್ರಿ ಮಗಳು ಬಾಯಿಪಾಠ ಮಾಡಿಸಿದ್ದಳಂತೆ. ಹೆಸರು ಬರೆದುಕೊಂಡರು.

ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ, ತೀರ್ಥಹಳ್ಳಿ

ಬರೆದುಕೊಂಡಿದ್ದು ಯಾವ ಪುಸ್ತಕದಲ್ಲಿ? ನಡಾವಳಿಯಲ್ಲೋ, ಪಕ್ಕದ ನೋಟ್‌ಬುಕ್ಕಲ್ಲೋ? ಪ್ರತಿ ತಗೊಂಡಿರಾ?

ಟೀಚರ್

ಅಯ್ಯೋ, ನೋಡಲಿಲ್ಲ. ನಾಳೆ ಮೊದಲ ಪೀರಿಯಡ್ ಬಿಟ್ಟು ಹೋಗುತ್ತೇನೆ.